ಆಚಾರ್ಯ ಸತೀಶ ಧವನರು

ಚಂದ್ರನನ್ನು ತೋರಿಸಿ ಮಗುವಿಗೆ ತುತ್ತು ಉಣಿಸದ ತಾಯಿ ಕನ್ನಡನಾಡಿನಲ್ಲಿ ವಿರಳ. ನಾವೆಲ್ಲರೂ ಆ ಚಂದಮಾಮನನ್ನು ನೋಡುತ್ತಲೇ ಅನ್ನವುಂಡು ಬೆಳೆದವರು. ಅದೇ ಚಂದ್ರನ ಮೇಲೆ 1969ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಮನುಷ್ಯನು ಕಾಲಿರಿಸಿದನು. 1972ನೆಯ ಡಿಸೆಂಬರಿನವರೆಗೆ ಒಟ್ಟು ಹನ್ನೆರಡು ಮಂದಿ ಅಲ್ಲಿ ನಡೆದಾಡಿ ಕ್ಷೇಮವಾಗಿ ಹಿಂದಿರುಗಿದರು. ನಮ್ಮ ದೇಶದ ಚಂದ್ರಯಾನ-3 ನೌಕೆಯು 2023ನೆಯ ಆಗಸ್ಟ್ 23ರಂದು ಚಂದ್ರನ ದಕ್ಷಿಣ ಧ್ರುವದ ಕಡೆಯ ನೆಲದಲ್ಲಿ ಮೆಲ್ಲನೆ ಇಳಿಯಿತು. ಅದರೊಳಗೆ ಮನುಷ್ಯರಿರಲಿಲ್ಲ. 2040ನೆಯ ಇಸವಿಯ ಹೊತ್ತಿಗೆ ಭಾರತೀಯನೊಬ್ಬನು ಚಂದ್ರನನ್ನು ಮುಟ್ಟಬೇಕೆಂಬುದು ನಮ್ಮ ಸರ್ಕಾರವು ಇಟ್ಟುಕೊಂಡಿರುವ ಗುರಿ. ಇಂದು ನಮ್ಮ ಶಾಲೆಯ ಬೆಂಚುಗಳ ಮೇಲೆ ಕುಳಿತಿರುವ ಬಾಲಕ ಬಾಲಕಿಯರು ಆ ವೇಳೆಗೆ ತುಂಬು ತಾರುಣ್ಯದಲ್ಲಿರುತ್ತಾರೆ.

ಚಂದ್ರಯಾನವು ಮೇಲೇರಿದ್ದು ಶ್ರೀಹರಿಕೋಟೆಯಿಂದ. ಆ ಉಡಾವಣಾ ಕೇಂದ್ರಕ್ಕೆ ಸತೀಶ್ ಧವನ್ ಬಾಹ್ಯಾಕಾಶ ಕೇಂದ್ರವೆಂದು ಹೆಸರು. ವೃತ್ತಪತ್ರಿಕೆಯಲ್ಲಿ ಆ ಹೆಸರನ್ನು ಓದಿದ ವಿದ್ಯಾರ್ಥಿಗಳು ಈ ಧವನರು ಯಾರೆಂದು ನಮ್ಮನ್ನು ಕೇಳುವುದುಂಟು. ಅವರು ತೀರಿಕೊಂಡದ್ದು 2002ರಲ್ಲಿ. ಇಂದಿನ ನಮ್ಮ ವಿದ್ಯಾರ್ಥಿಗಳಲ್ಲಿ ಯಾರೂ ಆಗ ಹುಟ್ಟಿರಲಿಲ್ಲ. ಅವರ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳಲು ಯತ್ನಿಸಿದ್ದೇವೆ.

ಸತೀಶ ಧವನರು 1920ನೆಯ ಸೆಪ್ಟೆಂಬರ್ 25ರಂದು ಕಾಶ್ಮೀರದ ಶ್ರೀನಗರದಲ್ಲಿ ಜನಿಸಿದರು. ಅವರು ವ್ಯಾಸಂಗ ಮಾಡಿದ್ದು ಲಾಹೋರಿನ ಪಂಜಾಬ್ ವಿಶ್ವವಿದ್ಯಾನಿಲಯದಲ್ಲಿ. ಅಲ್ಲಿ ಅವರು ಮೂರು ಪದವಿಗಳನ್ನು ಪಡೆದರು. ಮೊದಲನೆಯದು ಗಣಿತ ಮತ್ತು ಭೌತವಿಜ್ಞಾನದಲ್ಲಿ, ಎರಡನೆಯದು ಇಂಗ್ಲಿಷ್ ಸಾಹಿತ್ಯದಲ್ಲಿ, ಮೂರನೆಯದು ಯಂತ್ರಶಿಲ್ಪದಲ್ಲಿ. ಸಾಹಿತ್ಯ ಓದಿದವನಿಗೆ ವಿಜ್ಞಾನ ಬಾರದು, ವಿಜ್ಞಾನ ಓದುವವನಿಗೆ ಸಾಹಿತ್ಯ ಬೇಡ ಎಂದು ವಾದಿಸುವ ನಮ್ಮ ಹಿರಿಯ ತರಗತಿಗಳ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

1945ರಲ್ಲಿ ಯಂತ್ರಶಿಲ್ಪದ ಪದವಿ ಮುಗಿಯುತ್ತಲೇ ಅವರು ಬೆಂಗಳೂರಿಗೆ ಬಂದು ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿದರು. ಆ ಬಳಿಕ ಅಮೆರಿಕೆಗೆ ತೆರಳಿ ಮೊದಲು ಮಿನೆಸೋಟದಲ್ಲಿಯೂ ಅನಂತರ ಕ್ಯಾಲಿಫೋರ್ನಿಯದ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿಯೂ ವಿಮಾನಶಾಸ್ತ್ರವನ್ನು ಅಭ್ಯಾಸ ಮಾಡಿದರು. ಅವರು ಪರದೇಶದಲ್ಲಿದ್ದಾಗಲೇ ದೇಶವು ವಿಭಜನೆಗೊಂಡಿತು. ಅವರು ಓದಿ ಬೆಳೆದ ಲಾಹೋರು ಬೇರೊಂದು ರಾಷ್ಟ್ರದ ಪಾಲಾಯಿತು. ದೆಹಲಿಯಲ್ಲಿ ವಾಸಿಸುವ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ನಮ್ಮ ನೆರೆಹೊರೆಯ ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿಯರ ಊರೆಂದರೆ ಇಂದಿಗೂ ಲಾಹೋರೇ, ಮುಲ್ತಾನೇ. 1951ರಲ್ಲಿ ಡಾಕ್ಟರೇಟ್ ಪದವಿಯೊಡನೆ ಸ್ವದೇಶಕ್ಕೆ ಬಂದ ಧವನರು ಬೆಂಗಳೂರನ್ನು ತಮ್ಮ ಊರನ್ನಾಗಿ ಮಾಡಿಕೊಂಡರು. ನಾವು ಕನ್ನಡನಾಡನ್ನು ಬಿಟ್ಟು ಉತ್ತರಕ್ಕೆ ಬಂದವರು. ಅವರು ಉತ್ತರದಿಂದ ಕನ್ನಡನಾಡಿಗೆ ಹೋಗಿ ಕಡೆಯವರೆಗೂ ಅಲ್ಲಿಯೇ ಬಾಳಿದವರು.

ಅವರ ಸಂಶೋಧನೆಯ ವಿಷಯವನ್ನು ತಿಳಿಯುವುದು ಕಷ್ಟವಲ್ಲ. ನಮ್ಮ ದ್ವಾರಕೆಯ 21ನೆಯ ಸೆಕ್ಟರಿನ ನೆಲದಡಿಯ ಮೆಟ್ರೋ ನಿಲ್ದಾಣದಲ್ಲಿ ನಿಂತವರಿಗೆ, ರೈಲು ಕಣ್ಣಿಗೆ ಬೀಳುವ ಮುನ್ನವೇ ಸುರಂಗದೊಳಗಿನಿಂದ ಗಾಳಿಯು ಬೀಸಿಬಂದು ಮುಖಕ್ಕೆ ತಾಗುತ್ತದೆ. ರೈಲು ಗಾಳಿಯನ್ನು ತಳ್ಳುತ್ತದೆ. ಗಾಳಿಯೂ ರೈಲನ್ನು ತಡೆಯುತ್ತದೆ. ನಮ್ಮ ಮಾಳಿಗೆಗಳ ಮೇಲೆ ಹಗಲಿರುಳೂ ಹಾದುಹೋಗಿ ಪಾಲಂ ಕಡೆಗೆ ಇಳಿಯುವ ವಿಮಾನಗಳ ಮೈಯನ್ನು ಗಾಳಿಯು ಉಜ್ಜಿಕೊಂಡೇ ಹರಿಯುತ್ತದೆ. ಈ ಉಜ್ಜುವಿಕೆ ಎಷ್ಟೆಂಬುದನ್ನು ಲೆಕ್ಕದಿಂದ ಊಹಿಸುತ್ತಿದ್ದವರು ಅನೇಕರು. ಶಬ್ದದ ವೇಗವನ್ನು ಮೀರಿದ ಗಾಳಿಯಲ್ಲಿ ಅದನ್ನು ನೇರವಾಗಿ ಅಳೆಯುವುದು ಬಹು ಕಠಿಣವಾಗಿತ್ತು. ಧವನರು ತಮ್ಮ ಗುರುಗಳಾದ ಲೀಪ್‌ಮನ್ನರ ಮಾರ್ಗದರ್ಶನದಲ್ಲಿ ಒಂದು ಸೂಕ್ಷ್ಮವಾದ ಉಪಕರಣವನ್ನು ರಚಿಸಿದರು. ಗಾಳಿ ಹರಿಯುವ ಫಲಕದಲ್ಲಿ ಒಂದು ಪುಟ್ಟ ತುಂಡನ್ನು ಬಿಡಿಯಾಗಿ ಕೂರಿಸಿ, ಗಾಳಿಯು ಅದನ್ನು ಕೂದಲೆಳೆಗಿಂತಲೂ ಕಡಿಮೆ ದೂರ ಎಳೆದಾಗ ಆ ಎಳೆತವನ್ನು ವಿದ್ಯುತ್ತಿನ ಸಹಾಯದಿಂದ ಅಳೆದರು. ಊಹೆಯನ್ನು ನಂಬುವುದಕ್ಕಿಂತ ಅಳತೆಯನ್ನು ನಂಬುವುದು ಅವರ ಬಾಳಿನ ಮೊದಲ ಪಾಠವಾಯಿತು.

ಈ ಅಳತೆಗೂ ಚಂದ್ರಯಾತ್ರೆಗೂ ಏನು ಸಂಬಂಧವೆಂದು ಕೇಳಬಹುದು. ಚಂದ್ರನಿಗೆ ಹೋಗುವುದಕ್ಕಿಂತ ಅಲ್ಲಿಂದ ಜೀವಸಹಿತ ಮರಳುವುದು ಸುಲಭವೆಂದು ಯಾರೂ ಭಾವಿಸಬಾರದು. ಭೂಮಿಯನ್ನು ಸಮೀಪದಲ್ಲಿ ಸುತ್ತುತ್ತಿರುವ ನೌಕೆಯ ವೇಗವು ಸೆಕೆಂಡಿಗೆ ಸುಮಾರು 7.8 ಕಿಲೋಮೀಟರು. ಚಂದ್ರನಿಂದ ಮರಳುವ ನೌಕೆಯಾದರೋ ಸೆಕೆಂಡಿಗೆ ಸುಮಾರು 11 ಕಿಲೋಮೀಟರು ವೇಗದಿಂದ ವಾಯುಮಂಡಲವನ್ನು ಹೊಗುತ್ತದೆ. ವೇಗವು ಒಂದೂವರೆ ಪಟ್ಟಿಗಿಂತ ತುಸು ಕಡಿಮೆಯೇ ಹೆಚ್ಚಿದರೂ ಅದರ ಚಲನಶಕ್ತಿಯು ಎರಡು ಪಟ್ಟಾಗುತ್ತದೆ. ಆ ಶಕ್ತಿಯೆಲ್ಲವೂ ಕೆಲವೇ ನಿಮಿಷಗಳಲ್ಲಿ ಶಾಖವಾಗಿ ಮಾರ್ಪಡಬೇಕು. ಅಪೋಲೋ ನೌಕೆಯ ಅಡಿಭಾಗವನ್ನು ಚೂಪಾಗಿ ಮಾಡದೆ, ಅಗಲವಾದ ಮೊಂಡು ತಟ್ಟೆಯಂತೆ ಮಾಡಿದ್ದರು. ಮೊಂಡಾದ ಮೈಯ ಮುಂದೆ ಗಾಳಿಯು ಗೋಡೆಯಂತೆ ಒತ್ತರಿಸಿ ನಿಲ್ಲುತ್ತದೆ. ಶಾಖದ ಬಹುಪಾಲು ಆ ಗಾಳಿಯಲ್ಲಿಯೇ ಉಳಿದು ಪಕ್ಕಕ್ಕೆ ಸರಿದುಹೋಗುತ್ತದೆ. ಉಳಿದ ಶಾಖವನ್ನು ತಟ್ಟೆಗೆ ಬಳಿದ ರಾಳದಂಥ ವಸ್ತುವು ತಾನು ಸುಟ್ಟು ಕರಿಕಾಗಿ ಹೀರಿಕೊಳ್ಳುತ್ತದೆ. ತಾನು ಉರಿದು ಒಳಗಿನ ಮೂವರನ್ನು ಉಳಿಸುವ ಕವಚವದು.

ಆ ಕವಚವು ಎಷ್ಟು ದಪ್ಪವಿರಬೇಕು? ಇಲ್ಲಿ ಗಾಳಿಯ ಹರಿವಿನ ರೀತಿಯನ್ನು ತಿಳಿಯಬೇಕಾಗುತ್ತದೆ. ದೇವರ ಮುಂದೆ ಹಚ್ಚಿಟ್ಟ ಊದುಬತ್ತಿಯ ಹೊಗೆಯನ್ನು ನೋಡಿ. ಮೊದಲು ಅದು ದಾರದಂತೆ ನೇರವಾಗಿ ಏರುತ್ತದೆ. ಒಂದು ಎತ್ತರವನ್ನು ಮುಟ್ಟಿದ ಮೇಲೆ ಸುಳಿಸುಳಿಯಾಗಿ ಚದರಿಹೋಗುತ್ತದೆ. ನೌಕೆಯ ಮೈಗಂಟಿ ಹರಿಯುವ ಗಾಳಿಯ ತೆಳುಪದರವೂ ಹೀಗೆಯೇ. ಅದು ನೇರವಾಗಿ ಹರಿಯುವಾಗ ಮೈಗೆ ತಾಗುವ ಶಾಖ ಕಡಿಮೆ. ಸುಳಿಗಳೆದ್ದಾಗ ಶಾಖವು ಹಲವು ಪಟ್ಟು ಹೆಚ್ಚು. ಉಜ್ಜುವಿಕೆಗೂ ಶಾಖಕ್ಕೂ ಒಂದೇ ಮೂಲ. ಒಂದನ್ನು ಬಲ್ಲವನು ಇನ್ನೊಂದನ್ನೂ ಅಂದಾಜು ಮಾಡಬಲ್ಲನು. ಧವನರ ಅಳತೆಗೆ ಬೆಲೆ ಬಂದದ್ದು ಇದರಿಂದ.

ಬೆಂಗಳೂರಿಗೆ ಬಂದ ಧವನರು ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಜಮಶೇಟಜಿ ಟಾಟಾ ಅವರ ಸಂಕಲ್ಪದಿಂದಲೂ ಮೈಸೂರು ಅರಸರು ದಾನವಿತ್ತ ಭೂಮಿಯಿಂದಲೂ 1909ರಲ್ಲಿ ಸ್ಥಾಪಿತವಾದ ಸಂಸ್ಥೆಯದು. ಬೆಂಗಳೂರಿನ ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್. ಅಲ್ಲಿ ಅವರು ಶಬ್ದವೇಗವನ್ನು ಮೀರಿದ ಗಾಳಿಯನ್ನು ಹರಿಸುವ ಗಾಳಿಸುರಂಗವನ್ನು ಕಟ್ಟಿದರು. ಅದರ ಬಾಯಿ ಒಂದು ಅಂಗುಲಕ್ಕೆ ಮೂರು ಅಂಗುಲ ಮಾತ್ರ. ಅಂಗೈಯಲ್ಲಿ ಮುಚ್ಚಬಹುದಾದ ಆ ಕಿಂಡಿಯಿಂದ ಆರಂಭವಾದ ವಿದ್ಯೆಯು, 1960ರ ದಶಕದಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ 1.2 ಮೀಟರು ಅಗಲದ ದೊಡ್ಡ ಸುರಂಗವಾಗಿ ಬೆಳೆಯಿತು. ನಮ್ಮ ದೇಶದ ರಾಕೆಟ್ಟುಗಳ ಮಾದರಿಗಳು ಮೇಲೇರುವ ಮೊದಲು ಈ ದೊಡ್ಡ ಸುರಂಗದ ಗಾಳಿಯನ್ನು ಎದುರಿಸಿ ಪರೀಕ್ಷೆ ಕೊಡಬೇಕು.

ಒಳ್ಳೆಯ ಗುರುವಿಗೆ ಒಳ್ಳೆಯ ಶಿಷ್ಯನು ದೊರೆತನು. ಕನ್ನಡದಲ್ಲಿ ವಿಜ್ಞಾನ ಗ್ರಂಥಗಳನ್ನು ಬರೆದ ಆರ್. ಎಲ್. ನರಸಿಂಹಯ್ಯನವರ ಮಗ ರೊದ್ದಂ ನರಸಿಂಹರೇ ಆ ಶಿಷ್ಯ. ನೇರವಾದ ಹರಿವು ಸುಳಿಗಳ ಹರಿವಾಗಿ ಮಾರ್ಪಡುವ ಸಂಧಿಸ್ಥಳದಲ್ಲಿ ನಡೆಯುವುದೇನು ಎಂಬುದನ್ನು ಕುರಿತು ಗುರುಶಿಷ್ಯರಿಬ್ಬರೂ 1958ರಲ್ಲಿ ಪ್ರಕಟಿಸಿದ ಲೇಖನವನ್ನು ಲೋಕದ ವಿದ್ವಾಂಸರು ಇಂದಿಗೂ ನೆನೆಯುತ್ತಾರೆ.

1962ರಲ್ಲಿ ಧವನರು ಆ ಸಂಸ್ಥೆಯ ನಿರ್ದೇಶಕರಾದರು. ಆಗ ಅವರಿಗೆ ಸುಮಾರು ನಲವತ್ತೆರಡು ವರ್ಷ. 1981ರವರೆಗೆ ಆ ಪದವಿಯನ್ನು ನಿರ್ವಹಿಸಿದರು. ಈ ನಡುವೆ 1971ನೆಯ ಡಿಸೆಂಬರ್ 30ರಂದು ನಮ್ಮ ಬಾಹ್ಯಾಕಾಶ ಕಾರ್ಯದ ಪಿತಾಮಹರಾದ ವಿಕ್ರಮ ಸಾರಾಭಾಯಿಯವರು ಹಠಾತ್ತನೆ ನಿಧನರಾದರು. ಧವನರು ಆಗ ರಜೆಯ ಮೇಲೆ ಕ್ಯಾಲಿಫೋರ್ನಿಯದಲ್ಲಿ ಪಾಠ ಹೇಳುತ್ತಿದ್ದರು. ಪ್ರಧಾನಿ ಇಂದಿರಾ ಗಾಂಧಿಯವರು ಆ ಭಾರವನ್ನು ವಹಿಸಿಕೊಳ್ಳುವಂತೆ ಅವರಿಗೆ ಹೇಳಿಕಳುಹಿಸಿದರು. ಧವನರು ಒಪ್ಪಿದರು, ಆದರೆ ವಿಜ್ಞಾನ ಸಂಸ್ಥೆಯನ್ನು ತಾವು ಬಿಡಲಾರೆವೆಂದೂ, ಬಾಹ್ಯಾಕಾಶ ಕಾರ್ಯದ ಕೇಂದ್ರ ಕಚೇರಿಯು ಬೆಂಗಳೂರಿನಲ್ಲಿರಬೇಕೆಂದೂ ತಿಳಿಸಿದರು. ಎರಡೂ ನಡೆದವು. ಬೆಂಗಳೂರು ಇಂದು ಬಾಹ್ಯಾಕಾಶ ವಿಜ್ಞಾನದ ರಾಜಧಾನಿಯೆನಿಸಿದ್ದರೆ ಅದಕ್ಕೆ ಈ ನಿಬಂಧನೆಯೂ ಒಂದು ಕಾರಣ.

ಅವರು ಅಧಿಕಾರ ವಹಿಸಿಕೊಂಡ 1972ನೆಯ ಇಸವಿಯ ಕೊನೆಯಲ್ಲಿಯೇ ಅಪೋಲೋ-17ರ ಯಾತ್ರಿಕರು ಚಂದ್ರನನ್ನು ಬಿಟ್ಟು ಬಂದರು. ಒಂದು ದೇಶವು ಚಂದ್ರನಲ್ಲಿಗೆ ಹೋಗಿ ಬಂದು ಆ ಕೆಲಸವನ್ನು ಮುಗಿಸುತ್ತಿದ್ದಾಗ ನಮ್ಮ ದೇಶವು ಮೊದಲ ಮೆಟ್ಟಿಲಿನ ಬಳಿಯಲ್ಲಿತ್ತು. ಅಪೋಲೋ ಯಾತ್ರಿಕರನ್ನು ಹೊತ್ತ ಸ್ಯಾಟರ್ನ್-5 ರಾಕೆಟ್ಟಿನ ಎತ್ತರ ಸುಮಾರು 111 ಮೀಟರು, ತೂಕ ಸುಮಾರು 2,900 ಟನ್ನು. ಅದರ ಮೊದಲ ಹಂತವು ಎರಡೂವರೆ ನಿಮಿಷದಲ್ಲಿ ಸುಮಾರು ಎರಡು ಸಾವಿರ ಟನ್ನು ಸೀಮೆಯೆಣ್ಣೆಯನ್ನೂ ದ್ರವರೂಪದ ಆಮ್ಲಜನಕವನ್ನೂ ಉರಿಸಿ ಮುಗಿಸುತ್ತಿತ್ತು. ಧವನರ ಕಾಲದಲ್ಲಿ ನಮ್ಮವರು ನಿರ್ಮಿಸಿದ ಎಸ್‌ಎಲ್‌ವಿ-3 ರಾಕೆಟ್ಟಿನ ಎತ್ತರ 22 ಮೀಟರು, ತೂಕ 17 ಟನ್ನು. ಆನೆಯ ಪಕ್ಕದಲ್ಲಿ ಕುರಿಮರಿಯನ್ನು ನಿಲ್ಲಿಸಿದಂತೆ. ಧವನರಿಗೆ ಇದರಿಂದ ಸಂಕೋಚವಿರಲಿಲ್ಲ. ನಮ್ಮ ಶಕ್ತಿ ಎಷ್ಟು, ನಮ್ಮ ಜನರಿಗೆ ಬೇಕಾದುದು ಏನು ಎಂಬುದನ್ನು ಅವರು ಅಳೆದಿದ್ದರು. ಅವರ ಕಾಲದಲ್ಲಿಯೇ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಷೆಡ್ಡುಗಳಲ್ಲಿ ಆರ್ಯಭಟ ಉಪಗ್ರಹವು ತಯಾರಾಗಿ 1975ರಲ್ಲಿ ರಷ್ಯದವರ ರಾಕೆಟ್ಟಿನಲ್ಲಿ ಮೇಲೇರಿತು. ಅದೇ ವರ್ಷ ಆರಂಭವಾದ ಉಪಗ್ರಹ ದೂರದರ್ಶನದ ಪ್ರಯೋಗವು ದೇಶದ 2,400 ಹಳ್ಳಿಗಳನ್ನು ಮುಟ್ಟಿತು. ನಮ್ಮ ಕರ್ನಾಟಕದ ಹಳ್ಳಿಗಳೂ ಅವುಗಳಲ್ಲಿದ್ದವು.

ಈಗ ಅವರ ಬಾಳಿನ ಮುಖ್ಯ ಘಟನೆಗೆ ಬರೋಣ. 1979ನೆಯ ಆಗಸ್ಟ್ 10ರಂದು ಎಸ್‌ಎಲ್‌ವಿ-3ರ ಮೊದಲ ಉಡಾವಣೆ ನಿಶ್ಚಯವಾಗಿತ್ತು. ಆ ಯೋಜನೆಯ ನಿರ್ದೇಶಕರು ಅಬ್ದುಲ್ ಕಲಾಂ. ಕ್ಷಣಗಣನೆ ನಡೆಯುತ್ತಿದ್ದಾಗ ಗಣಕಯಂತ್ರವು ಏನೋ ಸರಿಯಿಲ್ಲವೆಂದು ಸೂಚಿಸಿ ಕಾರ್ಯವನ್ನು ತಡೆಯಿತು. ಪರಿಣತರು ಕಲೆತು ಯೋಚಿಸಿ, ತೊಂದರೆಯಾಗಲಾರದೆಂದು ಅಭಿಪ್ರಾಯಪಟ್ಟರು. ಕಲಾಂ ಅವರು ಯಂತ್ರದ ಎಚ್ಚರಿಕೆಯನ್ನು ಬದಿಗೊತ್ತಿ ಉಡಾವಣೆಗೆ ಅನುಮತಿಯಿತ್ತರು. ಮೊದಲ ಹಂತವು ಸರಿಯಾಗಿಯೇ ಉರಿಯಿತು. ಎರಡನೆಯ ಹಂತದಲ್ಲಿ ರಾಕೆಟ್ಟು ಹತೋಟಿ ತಪ್ಪಿತು. ದಿಕ್ಕನ್ನು ನಿಯಂತ್ರಿಸುವ ವ್ಯವಸ್ಥೆಗೆ ಬೇಕಾದ ಆಮ್ಲವು ಒಂದು ಕವಾಟದ ದೋಷದಿಂದ ಮೊದಲೇ ಸೋರಿಹೋಗಿತ್ತು. ವರ್ಷಾನುಗಟ್ಟಲೆ ದುಡಿದು ಮಾಡಿದ ರಾಕೆಟ್ಟು ಐದು ನಿಮಿಷಗಳ ಸುಮಾರಿನಲ್ಲಿ ಬಂಗಾಳ ಕೊಲ್ಲಿಯ ಪಾಲಾಯಿತು.

ಹೊರಗೆ ವೃತ್ತಪತ್ರಿಕೆಯವರು ಕಾದಿದ್ದರು. ಬಡದೇಶದ ಹಣವನ್ನು ಸಮುದ್ರಕ್ಕೆ ಸುರಿದರೆಂಬ ಟೀಕೆಗೆ ಉತ್ತರ ಕೊಡಬೇಕಾಗಿತ್ತು. ಅನುಮತಿಯಿತ್ತವರು ಕಲಾಂ, ಅವರನ್ನು ಮುಂದಕ್ಕೆ ತಳ್ಳಿ ತಾವು ಹಿಂದೆ ನಿಲ್ಲುವುದು ಅಧ್ಯಕ್ಷರಿಗೆ ಸುಲಭವಾಗಿತ್ತು. ಧವನರು ಹಾಗೆ ಮಾಡಲಿಲ್ಲ. ಕಲಾಂ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾವೇ ಮಾತನಾಡಿದರು. ಸೋತದ್ದು ತಾವೆಂದು ಒಪ್ಪಿಕೊಂಡರು; ತಮ್ಮ ಸಂಗಡಿಗರಲ್ಲಿ ತಮಗೆ ಪೂರ್ಣ ವಿಶ್ವಾಸವಿದೆಯೆಂದೂ ಮುಂದಿನ ವರ್ಷ ಅವರು ಗೆಲ್ಲುವರೆಂದೂ ಸಾರಿದರು. ಆಮೇಲೆ ದೋಷದ ಮೂಲವನ್ನು ಹುಡುಕಿ, ಅದನ್ನು ತಿದ್ದುವ ಕಾರ್ಯವು ನಡೆಯಿತು. 1980ನೆಯ ಜುಲೈ 18ರಂದು ಅದೇ ಮಾದರಿಯ ರಾಕೆಟ್ಟು 35 ಕಿಲೋಗ್ರಾಂ ತೂಕದ ರೋಹಿಣಿ ಉಪಗ್ರಹವನ್ನು ಕಕ್ಷೆಯಲ್ಲಿ ಇರಿಸಿತು. ಅಂದೂ ವೃತ್ತಪತ್ರಿಕೆಯವರು ಬಂದಿದ್ದರು. ಅಂದು ಧವನರು ಹಿಂದೆ ಸರಿದು, ಮಾತನಾಡಲು ಕಲಾಂ ಅವರನ್ನು ಕಳುಹಿಸಿದರು. ಮುಂದೆ ರಾಷ್ಟ್ರಪತಿಗಳಾದ ಕಲಾಂ ಅವರು ತಮ್ಮ ಜೀವಿತದುದ್ದಕ್ಕೂ ಈ ಸಂಗತಿಯನ್ನು ವಿದ್ಯಾರ್ಥಿಗಳ ಮುಂದೆ ಹೇಳುತ್ತಲೇ ಇದ್ದರು.

ಗೆದ್ದೆತ್ತಿನ ಬಾಲ ಹಿಡಿಯುವವರು ಲೋಕದಲ್ಲಿ ಬಹಳ. ಸೋತ ಎತ್ತಿನ ಕೊರಳು ನೇವರಿಸುವವರು ಕಡಿಮೆ. ಉಪಾಧ್ಯಾಯರಾದ ನಾವೂ ಇದರಲ್ಲಿ ನಿರ್ದೋಷಿಗಳಲ್ಲ. ಪರೀಕ್ಷೆಯ ಫಲಿತಾಂಶವು ಚೆನ್ನಾಗಿ ಬಂದ ವರ್ಷ ಅದು ನಮ್ಮ ಬೋಧನೆಯ ಫಲವೆಂದು ಹಿಗ್ಗಿದ್ದೇವೆ; ಕೆಟ್ಟ ವರ್ಷ ಹುಡುಗರು ಓದಲಿಲ್ಲವೆಂದು ಹೇಳಿ ಕೈತೊಳೆದುಕೊಂಡಿದ್ದೇವೆ. ಧವನರ ಚರಿತ್ರೆಯನ್ನು ಬರೆಯುವಾಗ ಇದು ನೆನಪಿಗೆ ಬಂದು ನಮಗೆ ನಾಚಿಕೆಯಾಯಿತೆಂಬುದನ್ನು ಮುಚ್ಚಿಡಲಾರೆವು.

ಇದು ಕೇವಲ ಸೌಜನ್ಯದ ಮಾತಲ್ಲ. ರಾಕೆಟ್ಟಿನ ತುದಿಯಲ್ಲಿ ಮನುಷ್ಯರು ಕುಳಿತಿರುವಾಗ ಇದು ಪ್ರಾಣದ ಮಾತು. 1967ನೆಯ ಜನವರಿ 27ರಂದು ಅಪೋಲೋ ನೌಕೆಯೊಂದರಲ್ಲಿ, ಅದಿನ್ನೂ ನೆಲದ ಮೇಲೆ ಪರೀಕ್ಷೆಯಲ್ಲಿದ್ದಾಗಲೇ, ಬೆಂಕಿ ಹೊತ್ತಿ ಗ್ರಿಸಮ್, ವೈಟ್, ಚಾಫಿ ಎಂಬ ಮೂವರು ಯಾತ್ರಿಕರು ಮಡಿದರು. ನೌಕೆಯೊಳಗೆ ಶುದ್ಧ ಆಮ್ಲಜನಕವನ್ನು ಒತ್ತಿ ತುಂಬಿದ್ದರು. ಬಾಗಿಲು ಒಳಮುಖವಾಗಿ ತೆರೆಯುವಂಥದಾಗಿದ್ದುದರಿಂದ ಆ ಒತ್ತಡದಲ್ಲಿ ಅದನ್ನು ತೆರೆಯಲಾಗಲಿಲ್ಲ. ಅಮೆರಿಕದವರು ಆ ದೋಷಗಳನ್ನು ಮುಚ್ಚಿಡದೆ ಒಂದೊಂದಾಗಿ ಹುಡುಕಿದರು. ಬಾಗಿಲನ್ನು ಹೊರಕ್ಕೆ ತಟ್ಟನೆ ತೆರೆಯುವಂತೆ ಮಾಡಿದರು. ನೆಲದ ಮೇಲಿರುವಾಗ ಆಮ್ಲಜನಕದೊಡನೆ ಸಾರಜನಕವನ್ನು ಬೆರೆಸಿದರು. ಎರಡೂವರೆ ವರ್ಷಗಳ ತರುವಾಯ ಮನುಷ್ಯನು ಚಂದ್ರನ ಮೇಲಿದ್ದನು. ಸ್ಯಾಟರ್ನ್ ರಾಕೆಟ್ಟಿನ ಎಂಜಿನ್ನಿನಲ್ಲಿ ಉರಿಯು ಹೊಯ್ದಾಡಿ ಎಂಜಿನ್ನೇ ಒಡೆಯುತ್ತಿದ್ದಾಗ ಅವರು ಇನ್ನೊಂದು ಉಪಾಯ ಹೂಡಿದ್ದರು. ಉರಿಯುವ ಎಂಜಿನ್ನಿನೊಳಗೆ ಬೇಕೆಂದೇ ಸಣ್ಣ ಸಿಡಿಮದ್ದನ್ನು ಸಿಡಿಸಿ, ಉರಿಯು ಕದಡಿದರೂ ತಾನಾಗಿ ಶಾಂತವಾಗುವವರೆಗೆ ಅದರ ರಚನೆಯನ್ನು ಮತ್ತೆ ಮತ್ತೆ ತಿದ್ದಿದರು. ಸೋಲನ್ನು ನೆಲದ ಮೇಲೆಯೇ ಕರೆದು ಮಾತನಾಡಿಸಿದವರಿಗೆ ಆಕಾಶದಲ್ಲಿ ಅದರ ಭಯ ಕಡಿಮೆ. ತಪ್ಪನ್ನು ಹೇಳಿದವನಿಗೆ ಶಿಕ್ಷೆಯಾಗುವ ಕಡೆ ಯಾರೂ ತಪ್ಪನ್ನು ಹೇಳುವುದಿಲ್ಲ. ಹೇಳದ ತಪ್ಪು ಕವಾಟದೊಳಗಿನ ಸೋರಿಕೆಯಂತೆ ಕಾಣದೆ ಉಳಿದು ಮುಂದೊಂದು ದಿನ ಕೊಲ್ಲುತ್ತದೆ. ಸೋಲಿನ ಹೊಣೆಯನ್ನು ತಾವು ಹೊತ್ತು ಧವನರು ಕಿರಿಯರ ನಾಲಿಗೆಯಿಂದ ಆ ಭಯವನ್ನು ತೆಗೆದುಹಾಕಿದರು.

ಇದರ ಫಲವನ್ನು ನಾವು ಕಂಡಿದ್ದೇವೆ. 2023ನೆಯ ಅಕ್ಟೋಬರ್ 21ರಂದು, ಗಗನಯಾನಕ್ಕೆ ಹೊರಡುವ ನಮ್ಮ ಯಾತ್ರಿಕರನ್ನು ಅಪಾಯದಲ್ಲಿ ಪಾರುಮಾಡುವ ವ್ಯವಸ್ಥೆಯನ್ನು ಪರೀಕ್ಷಿಸಲು ಶ್ರೀಹರಿಕೋಟೆಯಲ್ಲಿ ಒಂದು ರಾಕೆಟ್ಟನ್ನು ಸಿದ್ಧಪಡಿಸಿದ್ದರು. ಉಡಾವಣೆಗೆ ಐದೇ ಸೆಕೆಂಡುಗಳಿರುವಾಗ ಗಣಕಯಂತ್ರವು ತಡೆಯೊಡ್ಡಿತು. ದೇಶವೆಲ್ಲವೂ ನೋಡುತ್ತಿತ್ತು. ಈ ಸಲ ಯಾರೂ ಯಂತ್ರದ ಎಚ್ಚರಿಕೆಯನ್ನು ಬದಿಗೊತ್ತಲಿಲ್ಲ. ಕೆಲಸ ನಿಂತಿತು, ಕಾರಣವನ್ನು ಹುಡುಕಿದರು, ಸರಿಪಡಿಸಿದರು, ಅದೇ ಬೆಳಿಗ್ಗೆ ಹತ್ತು ಗಂಟೆಗೆ ಹಾರಿಸಿದರು. ಸುಮಾರು ಹನ್ನೆರಡು ಕಿಲೋಮೀಟರು ಎತ್ತರದಲ್ಲಿ ಯಾತ್ರಿಕರ ಕೋಣೆಯು ರಾಕೆಟ್ಟಿನಿಂದ ಬೇರ್ಪಟ್ಟು, ಪ್ಯಾರಾಚೂಟುಗಳ ಆಸರೆಯಿಂದ ಕಡಲಿಗಿಳಿಯಿತು. 1979ರ ಆಗಸ್ಟಿನಲ್ಲಿ ಸಮುದ್ರಕ್ಕೆ ಬಿದ್ದ ಹಣ ವ್ಯರ್ಥವಾಗಲಿಲ್ಲವೆಂದು ಅಂದು ನಮಗೆ ಅನಿಸಿತು.

1984ನೆಯ ಏಪ್ರಿಲಿನಲ್ಲಿ ರಾಕೇಶ ಶರ್ಮರು ರಷ್ಯದವರ ನೌಕೆಯಲ್ಲಿ ಅಂತರಿಕ್ಷಕ್ಕೆ ಹೋಗಿ ಬಂದರು. ಅದೇ ವರ್ಷ ಧವನರು ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷತೆಯಿಂದ ನಿವೃತ್ತರಾದರು. 1981ರಲ್ಲಿಯೇ ಪದ್ಮವಿಭೂಷಣ ಪ್ರಶಸ್ತಿಯು ಅವರಿಗೆ ಸಂದಿತ್ತು. ನಿವೃತ್ತಿಯ ಬಳಿಕ ಅವರು ಶ್ರೀಹರಿಕೋಟೆಗೆ ಅಂಟಿಕೊಂಡಿರುವ ಪುಲಿಕಾಟ್ ಸರೋವರದ ಹಕ್ಕಿಗಳನ್ನು ನೋಡುತ್ತಾ, ಅವು ಹಾರುವ ಬಗೆಯನ್ನು ಅಭ್ಯಾಸ ಮಾಡಿ, ಪಕ್ಷಿಗಳ ಹಾರಾಟವನ್ನು ಕುರಿತು ಒಂದು ಗ್ರಂಥವನ್ನು ಬರೆದರು. ರಾಕೆಟ್ಟುಗಳ ಅಧಿಪತಿಯಾಗಿದ್ದವರು ಮುಪ್ಪಿನಲ್ಲಿ ಕೊಕ್ಕರೆಯ ರೆಕ್ಕೆಯಿಂದ ಪಾಠ ಕಲಿಯಲು ಕುಳಿತರು. 2002ನೆಯ ಜನವರಿ 3ರಂದು ಬೆಂಗಳೂರಿನಲ್ಲಿ ಅವರು ಕಾಲವಶರಾದರು. ಆಗ ಅವರಿಗೆ ಎಂಬತ್ತೊಂದು ವರ್ಷ. ಅದೇ ವರ್ಷ ಶ್ರೀಹರಿಕೋಟೆಯ ಕೇಂದ್ರಕ್ಕೆ ಅವರ ಹೆಸರನ್ನಿಟ್ಟರು.

ವಿದ್ಯಾರ್ಥಿಗಳೇ, ಚಂದ್ರನ ಮೇಲೆ ಕಾಲಿಡುವವರು ಕೆಲವರೇ ಇರಬಹುದು. ಅವರನ್ನು ಅಲ್ಲಿಗೆ ಕಳುಹಿಸಿ ಮರಳಿ ತರುವವರು ಸಾವಿರಾರು ಮಂದಿ ಬೇಕು: ಕವಾಟವನ್ನು ನೋಡುವವರು, ಶಾಖವನ್ನು ಅಳೆಯುವವರು, ಬಾಗಿಲಿನ ತಿರುಗಣಿಯನ್ನು ತಿದ್ದುವವರು. ಅವರಲ್ಲಿ ನಮ್ಮ ಶಾಲೆಯವರೂ ಇರಲೆಂಬುದು ನಮ್ಮ ಹಾರೈಕೆ. ಅದಕ್ಕೆ ಸಿದ್ಧತೆಯನ್ನು ನಾಳೆಯೇ ಆರಂಭಿಸಬಹುದು. ಲೆಕ್ಕದ ಪುಸ್ತಕದಲ್ಲಿ ತಪ್ಪಾದ ಪುಟವನ್ನು ಹರಿದು ಎಸೆಯದೆ, ಉಪಾಧ್ಯಾಯರ ಮುಂದೆ ತೆರೆದು ತೋರಿಸಿ. ನಾವೂ ಬೆತ್ತದ ಕಡೆಗೆ ಕೈ ನೀಡದೆ, ಆ ತಪ್ಪಿನಲ್ಲಿ ನಮ್ಮ ಪಾಲು ಎಷ್ಟೆಂದು ಮೊದಲು ನೋಡಿಕೊಳ್ಳುತ್ತೇವೆ.